ದಿನಾಂಕ ಸಮೀಪಿಸಿದ ದಿನಸಿ: ರೆಡಿಂಗ್‌ನ ಒಂದು ಕನ್ನಡ ಮನೆಯ ಲೆಕ್ಕ

ಇಂಗ್ಲೆಂಡಿನ ಬರ್ಕ್‌ಷೈರ್ ಕೌಂಟಿಯ ರೆಡಿಂಗ್ ಪಟ್ಟಣದಲ್ಲಿ ನೆಲೆಸಿರುವ ಕನ್ನಡ ಕುಟುಂಬವೊಂದು, ಬಾಳಿಕೆಯ ದಿನಾಂಕ ಹತ್ತಿರವಾದ ಅಥವಾ ಆಗಲೇ ದಾಟಿದ ಆಹಾರ ಪದಾರ್ಥಗಳನ್ನು ಆನ್‌ಲೈನಿನಲ್ಲಿ ರಿಯಾಯಿತಿ ದರಕ್ಕೆ ತರಿಸಿಕೊಂಡು ದಿನಸಿ ಖರ್ಚನ್ನು ತಗ್ಗಿಸಲು ಮಾಡಿದ ಪ್ರಯತ್ನವನ್ನು ಇಲ್ಲಿ ದಾಖಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಉದ್ಯೋಗಸ್ಥರು. ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಗಂಡನ ತಾಯಿ ಮೈಸೂರಿನಿಂದ ಆಗಾಗ ಬಂದು ಕೆಲವು ತಿಂಗಳು ಇದ್ದು ಹೋಗುತ್ತಾರೆ. ಮನೆ ಸಂಪೂರ್ಣ ಸಸ್ಯಾಹಾರಿ. ಖರ್ಚಿನ ಲೆಕ್ಕವನ್ನು ಹೆಂಡತಿ ತಪ್ಪದೆ ಬರೆದಿಡುವವರಾದ್ದರಿಂದ ಈ ಬರಹಕ್ಕೆ ಅವರ ಲೆಕ್ಕದ ಪುಸ್ತಕವೇ ಆಧಾರ. ಹೆಸರು ಬೇಡವೆಂದು ಅವರು ಕೇಳಿಕೊಂಡಿದ್ದಾರೆ. ಅಂಕಿಗಳನ್ನು ಓದಲು ಅನುಕೂಲವಾಗುವಂತೆ ದುಂಡಗೆ ಮಾಡಿದ್ದೇನೆ.

ಪ್ರಯತ್ನ ಆರಂಭವಾದದ್ದು 2023ರ ವಸಂತದಲ್ಲಿ. ಆ ವರ್ಷದ ಮಾರ್ಚ್ ತಿಂಗಳಲ್ಲಿ ಬ್ರಿಟನ್ನಿನ ಆಹಾರ ಹಣದುಬ್ಬರ ಶೇ. 19ನ್ನು ದಾಟಿ, ನಲವತ್ತೈದು ವರ್ಷಗಳಿಗೂ ಹೆಚ್ಚಿನ ಅವಧಿಯಲ್ಲೇ ಅತ್ಯಧಿಕ ಮಟ್ಟಕ್ಕೆ ಏರಿತ್ತು. ಈ ಮನೆಯ ತಿಂಗಳ ದಿನಸಿ, ತರಕಾರಿ, ಹಾಲು ಎಲ್ಲವೂ ಸೇರಿ ಸುಮಾರು 450 ಪೌಂಡ್ ಆಗುತ್ತಿತ್ತು. ಅದರಲ್ಲಿ ಸರಿಸುಮಾರು ಮೂರರಲ್ಲಿ ಎರಡು ಪಾಲು ಅಕ್ಕಿ, ತೊಗರಿಬೇಳೆ, ಹಿಟ್ಟು, ಎಣ್ಣೆ, ಸಂಬಾರ ಪದಾರ್ಥ, ಹಾಲು, ಮೊಸರು ಮತ್ತು ತರಕಾರಿಗೆ ಹೋಗುತ್ತಿತ್ತು. ಉಳಿದ ಒಂದು ಪಾಲಿನಲ್ಲಿ ಕಾಫಿಪುಡಿ, ಮಕ್ಕಳ ಬೆಳಗಿನ ಸೀರಿಯಲ್, ಓಟ್ಸ್, ಪಾಸ್ತಾ, ಡಬ್ಬಿಯ ಟೊಮೆಟೊ, ತೆಂಗಿನ ಹಾಲು, ಬಿಸ್ಕತ್ತು ಮೊದಲಾದವು ಇದ್ದವು. ಈ ಪಾಲುಗಳನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಪ್ರಕರಣದ ಫಲಿತಾಂಶವನ್ನು ನಿರ್ಧರಿಸಿದ್ದು ರಿಯಾಯಿತಿಯ ಪ್ರಮಾಣಕ್ಕಿಂತ ಹೆಚ್ಚಾಗಿ ಈ ಹಂಚಿಕೆಯೇ.

ಅಗ್ಗವಾಗಲು ಕಾರಣ

ತಯಾರಕರಿಂದ ಸರಕು ಪಡೆಯುವಾಗ ಬ್ರಿಟನ್ನಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳು, ಬಾಳಿಕೆಯ ಅವಧಿಯಲ್ಲಿ ಇಂತಿಷ್ಟು ಭಾಗ ಉಳಿದಿರಲೇಬೇಕೆಂಬ ಷರತ್ತು ಹಾಕುತ್ತವೆ. ಕಾರ್ಖಾನೆಯ ಗೋದಾಮಿನಲ್ಲಿ ಸ್ವಲ್ಪ ಹೆಚ್ಚು ಕಾಲ ನಿಂತುಹೋದ ಬಿಸ್ಕತ್ತು ಇನ್ನೂ ತಿಂಗಳುಗಟ್ಟಲೆ ಚೆನ್ನಾಗಿರುವಂತಿದ್ದರೂ ಆ ಷರತ್ತಿಗೆ ಹೊಂದದಿದ್ದರೆ ಅಂಗಡಿಯ ಕಪಾಟನ್ನು ಸೇರುವಂತಿಲ್ಲ. ಪೊಟ್ಟಣದ ವಿನ್ಯಾಸ ಬದಲಾದಾಗ ಉಳಿಯುವ ಹಳೆಯ ದಾಸ್ತಾನು, ಕ್ರಿಸ್‌ಮಸ್ ಚಿತ್ರವಿರುವ ಡಬ್ಬಿಗಳು, ಮಾರಾಟವಾಗದೆ ಹಿಂದಕ್ಕೆ ಬಂದ ಹೊಸ ರುಚಿಗಳು, ರದ್ದಾದ ರಫ್ತು ಆದೇಶಗಳು ಎಲ್ಲವೂ ಹೀಗೆ ಒಂದೆಡೆ ಸೇರುತ್ತವೆ. ಇವನ್ನು ಸಗಟಾಗಿ ಕೊಂಡು ಚಿಲ್ಲರೆಯಾಗಿ ಮಾರುವ ಆನ್‌ಲೈನ್ ವ್ಯಾಪಾರ ಅಲ್ಲಿ ಹುಟ್ಟಿಕೊಂಡಿದೆ. ಸರಕನ್ನು ದಾರಿಯುದ್ದಕ್ಕೂ ತಣ್ಣಗಿಟ್ಟು ಸಾಗಿಸುವ ವೆಚ್ಚ ಭರಿಸಲು ಕಷ್ಟವಾದ್ದರಿಂದ ಇಂಥ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಫ್ರಿಜ್ ಬೇಡದ ಒಣ ಪದಾರ್ಥ, ಡಬ್ಬಿ ಮತ್ತು ಬಾಟಲಿಯ ಸರಕು.

ಇಂಥ ವ್ಯಾಪಾರಕ್ಕೆ ಕಾನೂನಿನ ಅವಕಾಶ ಇರುವುದು ಅಲ್ಲಿನ ಎರಡು ಬಗೆಯ ದಿನಾಂಕಗಳಿಂದ. ‘ಯೂಸ್ ಬೈ’ ಎಂಬುದು ಸುರಕ್ಷತೆಯ ಗಡಿ. ಅದು ಮುಗಿದ ಆಹಾರವನ್ನು ಮಾರುವುದು ಅಪರಾಧ. ‘ಬೆಸ್ಟ್ ಬಿಫೋರ್’ ಎಂಬುದು ರುಚಿ, ಗರಿಗರಿತನ, ಪರಿಮಳಗಳ ಗಡಿ. ಅದು ದಾಟಿದ ಪದಾರ್ಥ ಸುರಕ್ಷಿತವಾಗಿರುವವರೆಗೆ ಮಾರಲು ಅಡ್ಡಿಯಿಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಅಲ್ಲಿನ ಸರ್ಕಾರಿ ಸಂಸ್ಥೆ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಈ ವ್ಯತ್ಯಾಸವನ್ನು ಗ್ರಾಹಕರಿಗೆ ಪದೇಪದೇ ವಿವರಿಸುತ್ತಲೇ ಇದೆ. ದಿನಾಂಕ ಬರೆಯುವ ಕ್ರಮದಲ್ಲೂ ತಿಳಿಯಬೇಕಾದದ್ದಿದೆ. ಮೂರು ತಿಂಗಳೊಳಗೆ ಮುಗಿಯುವ ಪದಾರ್ಥದ ಮೇಲೆ ದಿನ ಮತ್ತು ತಿಂಗಳು ಇದ್ದರೆ ಸಾಕು. ಮೂರರಿಂದ ಹದಿನೆಂಟು ತಿಂಗಳು ಬಾಳುವುದಕ್ಕೆ ತಿಂಗಳು ಮತ್ತು ವರ್ಷ ಸಾಕು. ಅದಕ್ಕೂ ಹೆಚ್ಚು ಬಾಳುವುದರ ಮೇಲೆ ಬರೀ ವರ್ಷವನ್ನು ನಮೂದಿಸಿದರೂ ನಡೆಯುತ್ತದೆ. ಹಾಗಾಗಿ ‘ಬೆಸ್ಟ್ ಬಿಫೋರ್ ಎಂಡ್ 2024’ ಎಂದಿರುವ ಡಬ್ಬಿಯ ಗಡಿ ಆ ವರ್ಷದ ಡಿಸೆಂಬರ್ ಕೊನೆಯ ದಿನ. ಉಪ್ಪು, ಹರಳು ಸಕ್ಕರೆ, ವಿನಿಗರ್‌ಗಳಿಗೆ ಈ ದಿನಾಂಕದ ಕಡ್ಡಾಯವೇ ಇಲ್ಲ.

ಮೊದಲ ಪೆಟ್ಟಿಗೆ

ಮೊದಲ ಆರ್ಡರಿನಲ್ಲಿ ಎರಡು ಪೊಟ್ಟಣ ಕಾಫಿಪುಡಿ, ಮಕ್ಕಳು ದಿನವೂ ತಿನ್ನುವ ಬ್ರ್ಯಾಂಡಿನ ಸೀರಿಯಲ್, ಓಟ್ಸ್, ಪಾಸ್ತಾ, ಟೊಮೆಟೊ ಮತ್ತು ಕಾಬೂಲಿ ಕಡಲೆಯ ಡಬ್ಬಿಗಳು, ಒಂದು ಪೆಟ್ಟಿಗೆ ಆಲೂಗಡ್ಡೆ ಚಿಪ್ಸ್, ಒಂದು ಕಟ್ಟು ಪ್ರೋಟೀನ್ ಬಾರ್ ಹಾಗೂ ಎಂಟು ಬಾಟಲಿ ಮೆಕ್ಸಿಕನ್ ಸಾಸ್ ಬಂದವು. ಸಾಸನ್ನು ಬಿಡಿಯಾಗಿ ಮಾರುತ್ತಿರಲಿಲ್ಲ, ಎಂಟರ ಕಟ್ಟನ್ನೇ ಕೊಳ್ಳಬೇಕಿತ್ತು. ಒಂದರ ಬೆಲೆ ತೀರಾ ಕಡಿಮೆಯಾಗಿ ಕಂಡದ್ದರಿಂದ ಅದೂ ಬುಟ್ಟಿಗೆ ಬಿತ್ತು. ಸರಕಿಗೆ 38 ಪೌಂಡ್, ಸಾಗಣೆಗೆ 6 ಪೌಂಡ್, ಒಟ್ಟು 44. ಎಲ್ಲದರ ಮೂಲ ಬೆಲೆ 90 ಪೌಂಡ್ ಎಂದು ತೋರಿಸಿ, ‘ನಿಮ್ಮ ಉಳಿತಾಯ 52 ಪೌಂಡ್’ ಎಂದು ಬಿಲ್ಲಿನ ಕೆಳಗೆ ಹಸಿರು ಅಕ್ಷರಗಳಲ್ಲಿ ಬರೆದಿತ್ತು.

ಹೆಂಡತಿ ಆ 52ನ್ನು ಹಾಗೆಯೇ ನಂಬಲಿಲ್ಲ. ಈ ಪೆಟ್ಟಿಗೆ ಬಾರದೇ ಇದ್ದಿದ್ದರೆ ಅದೇ ಅವಧಿಯಲ್ಲಿ ತಾವು ಅಂಗಡಿಯಲ್ಲಿ ಏನು ಕೊಳ್ಳುತ್ತಿದ್ದೆವು, ಎಷ್ಟು ಕೊಡುತ್ತಿದ್ದೆವು ಎಂದು ಒಂದೊಂದೇ ಸಾಮಾನಿನ ಎದುರು ಬರೆಯುತ್ತಾ ಹೋದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮುಖ್ಯ ಕೆಲಸ ನಡೆದದ್ದು ಇಲ್ಲಿಯೇ. ಕಾಫಿ ಮತ್ತು ಸೀರಿಯಲ್‌ಗೆ ಕೊಟ್ಟದ್ದು 14 ಪೌಂಡ್. ಅವೇ ಬ್ರ್ಯಾಂಡುಗಳನ್ನು ಅಂಗಡಿಯಲ್ಲಿ 25ಕ್ಕೆ ಕೊಳ್ಳುತ್ತಿದ್ದರು. ಇದು ನಿಜವಾದ ಉಳಿತಾಯ. ಓಟ್ಸ್, ಪಾಸ್ತಾ, ಡಬ್ಬಿಗಳಿಗೆ ಕೊಟ್ಟದ್ದು 10. ಆದರೆ ಇವನ್ನು ಆ ಮನೆಯವರು ಹೆಸರಾಂತ ಬ್ರ್ಯಾಂಡಿನಲ್ಲಿ ಎಂದೂ ಕೊಂಡವರಲ್ಲ, ಸೂಪರ್‌ಮಾರ್ಕೆಟಿನ ಸ್ವಂತ ಹೆಸರಿನ ಅಗ್ಗದ ಪೊಟ್ಟಣವನ್ನೇ ತರುತ್ತಿದ್ದರು, ಅದಕ್ಕೆ ಒಂಬತ್ತೂವರೆ ಪೌಂಡ್ ಸಾಕಾಗುತ್ತಿತ್ತು. ಅಂದರೆ ಅರ್ಧ ಬೆಲೆಗೆ ಸಿಕ್ಕ ಸರಕಿಗೆ ಅರ್ಧ ಪೌಂಡ್ ಹೆಚ್ಚೇ ಕೊಟ್ಟಂತಾಯಿತು. ಚಿಪ್ಸ್, ಬಾರ್, ಸಾಸುಗಳಿಗೆ 14 ಪೌಂಡ್ ಹೋಗಿತ್ತು. ಮಕ್ಕಳ ತಿಂಡಿಗೆಂದು ಹೇಗೂ ಆಗುತ್ತಿದ್ದ ಖರ್ಚಿನಲ್ಲಿ 5 ಪೌಂಡನ್ನಷ್ಟೇ ಅದು ತಪ್ಪಿಸಿತ್ತು. ಪೆಟ್ಟಿಗೆ ಇಲ್ಲದಿದ್ದರೆ ಆಗುತ್ತಿದ್ದ ಖರ್ಚು 39 ಪೌಂಡ್ 50 ಪೆನ್ಸ್, ಪೆಟ್ಟಿಗೆಯಿಂದ ಆದದ್ದು 44. ಹಸಿರು ಅಕ್ಷರದ 52 ಪೌಂಡ್ ಉಳಿತಾಯ, ಮನೆಯ ಲೆಕ್ಕದಲ್ಲಿ ನಾಲ್ಕೂವರೆ ಪೌಂಡ್ ಕೈಬಿಟ್ಟುಹೋದ ಹಣವಾಗಿ ತೋರಿತು.

ಅಂಗಡಿ ಸುಳ್ಳು ಹೇಳಿತ್ತೆಂದು ಇದರ ಅರ್ಥವಲ್ಲ. ಹೋಲಿಕೆಗೆ ಅದು ಇಟ್ಟುಕೊಂಡದ್ದು ತಯಾರಕರ ಪೂರ್ಣ ಬೆಲೆಯನ್ನು. ಆ ಬೆಲೆಗೆ ಈ ಮನೆಯವರು ಅದನ್ನು ಕೊಳ್ಳುತ್ತಲೇ ಇರಲಿಲ್ಲ ಎಂಬುದು ಅಂಗಡಿಗೆ ತಿಳಿಯುವ ವಿಷಯವೂ ಅಲ್ಲ.

ಕಡಲೆಯ ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡಬಹುದು. 400 ಗ್ರಾಮಿನ ಡಬ್ಬಿಯಲ್ಲಿ ನೀರು ಬಸಿದ ಮೇಲೆ ಉಳಿಯುವ ಕಾಳು 240 ಗ್ರಾಂ. ಒಣ ಕಡಲೆಯನ್ನು ನೆನೆಸಿ ಬೇಯಿಸಿದರೆ ತೂಕ ಎರಡು ಪಟ್ಟಿಗಿಂತ ತುಸು ಹೆಚ್ಚಾಗುತ್ತದೆಯಾದ್ದರಿಂದ ಒಂದು ಕಿಲೋ ಒಣ ಕಡಲೆ ಒಂಬತ್ತರಿಂದ ಹತ್ತು ಡಬ್ಬಿಗಳಿಗೆ ಸಮ. ಏಷ್ಯನ್ ಅಂಗಡಿಯಲ್ಲಿ ಕಿಲೋಗೆ ಎರಡು ಪೌಂಡ್ ಕೊಟ್ಟು ತರುವ ಮನೆಗೆ ಡಬ್ಬಿಯೊಂದು 21 ಪೆನ್ಸ್ ಆಸುಪಾಸಿಗೆ ಸಿಕ್ಕಿದರೆ ಮಾತ್ರ ಬೆಲೆ ಸರಿಹೊಂದೀತು. ರಿಯಾಯಿತಿಯಲ್ಲಿ ಅದು ಸಿಕ್ಕಿದ್ದು 35 ಪೆನ್ಸಿಗೆ. ರಾತ್ರಿ ನೆನೆಹಾಕಿ ಬೆಳಿಗ್ಗೆ ಕುಕ್ಕರ್ ಕೂಗಿಸುವ ಅಭ್ಯಾಸವಿರುವ ಮನೆಗೆ ಈ ರಿಯಾಯಿತಿಯಿಂದ ಉಪಯೋಗವಿಲ್ಲ. ಆ ಅಭ್ಯಾಸವಿಲ್ಲದೆ, ಡಬ್ಬಿಯನ್ನೇ ಪೂರ್ಣ ಬೆಲೆಗೆ ತರುತ್ತಿದ್ದ ಮನೆಗೆ ಇದೇ ಡಬ್ಬಿ ಲಾಭ. ಅದರಿಂದಲೇ ‘ಇಂಥ ಅಂಗಡಿಯಿಂದ ಇಷ್ಟು ಉಳಿಯುತ್ತದೆ’ ಎಂದು ಎಲ್ಲರಿಗೂ ಒಂದೇ ಅಂಕಿ ಹೇಳುವ ಮಾತನ್ನು ನಾನು ಒಪ್ಪುವುದಿಲ್ಲ.

ಬದಲಾದ ಕ್ರಮ

ಎರಡನೆಯ ಆರ್ಡರಿಗೆ ಮೊದಲು ಹೆಂಡತಿ ಒಂದು ಹಾಳೆಯಲ್ಲಿ ಆ ಮನೆಗೆ ನಿಜವಾಗಿ ಬೇಕಾಗುವ ಹತ್ತಾರು ಪದಾರ್ಥಗಳ ಹೆಸರು ಬರೆದು, ಪ್ರತಿಯೊಂದರ ಎದುರು ಕಿಲೋಗೆ ಅಥವಾ ಲೀಟರಿಗೆ ತಾವು ಕೊಡಬಹುದಾದ ಗರಿಷ್ಠ ದರವನ್ನು ಗುರುತು ಮಾಡಿ, ಅದನ್ನು ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದರು. ಬ್ರಿಟನ್ನಿನ 2004ರ ಬೆಲೆ ನಮೂದು ಆದೇಶದ ಪ್ರಕಾರ ಬಹುತೇಕ ಸರಕುಗಳಿಗೆ ಕಿಲೋ ಅಥವಾ ಲೀಟರ್ ಲೆಕ್ಕದ ದರವನ್ನೂ ತೋರಿಸಬೇಕಾಗಿರುವುದರಿಂದ ಈ ಹಾಳೆ ತಯಾರಿಸಲು ಕಷ್ಟವಾಗಲಿಲ್ಲ. ಅಂಗಡಿಯ ಬೆಲೆಚೀಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಇರುವುದನ್ನು ನಕಲು ಮಾಡಿದರೆ ಆಯಿತು. ಅಂಗಡಿಯ ಸ್ವಂತ ಹೆಸರಿನ ಓಟ್ಸ್ ಕಿಲೋಗೆ ಒಂದು ಪೌಂಡ್ ಎಂದು ಹಾಳೆಯಲ್ಲಿದ್ದರೆ, ‘ಅರ್ಧ ಬೆಲೆ’ಯ ಅರ್ಧ ಕಿಲೋ ಓಟ್ಸಿಗೆ 90 ಪೆನ್ಸ್ ಎಂದು ಪರದೆಯಲ್ಲಿ ಕಂಡಾಗ ಕೈ ತಾನಾಗಿ ಹಿಂದೆ ಸರಿಯುತ್ತದೆ.

ಎರಡು ಬೀದಿ ಆಚೆ ಇರುವ ಇನ್ನೊಂದು ಕನ್ನಡ ಕುಟುಂಬವನ್ನು ಜೊತೆಗೆ ಸೇರಿಸಿಕೊಂಡದ್ದು ಇನ್ನೊಂದು ಬದಲಾವಣೆ. ಸಾಗಣೆಯ ಖರ್ಚು ಅರ್ಧವಾಯಿತು. ಅದಕ್ಕಿಂತ ಮುಖ್ಯವಾಗಿ, ಹನ್ನೆರಡರ ಕಟ್ಟಿನಲ್ಲಷ್ಟೇ ಸಿಗುವ ಸಾಮಾನನ್ನು ಆರು ಆರಾಗಿ ಹಂಚಿಕೊಳ್ಳುವುದು ಸಾಧ್ಯವಾಯಿತು. ತಿನ್ನುವ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಅರ್ಧ ಕಿಲೋ ಸೀರಿಯಲ್ ಆ ಮನೆಯಲ್ಲಿ ಒಂದು ವಾರಕ್ಕೆ ಮುಗಿಯುತ್ತದೆ. ದಿನಾಂಕಕ್ಕೆ ಐದು ವಾರ ಉಳಿದಿರುವ ಸರಕಾದರೆ ಐದಾರು ಪೊಟ್ಟಣ ತರಬಹುದು, ಇಪ್ಪತ್ತು ತಂದರೆ ಕೊನೆಯವು ಮೆತ್ತಗಾಗಿ ಮಕ್ಕಳು ಮೂಸಿಯೂ ನೋಡುವುದಿಲ್ಲ. ಮೊದಲ ಪೆಟ್ಟಿಗೆಯ ಸಾಸಿನ ಬಾಟಲಿಗಳಲ್ಲಿ ಮೂರು ಮುಚ್ಚಳ ತೆಗೆಯದೆ ಕಪಾಟಿನಲ್ಲೇ ಕುಳಿತವು, ಕೊನೆಗೆ ಬಡವರಿಗೆ ಉಚಿತವಾಗಿ ಆಹಾರ ಹಂಚುವ ಸ್ಥಳೀಯ ಫುಡ್ ಬ್ಯಾಂಕಿಗೂ ಕೊಡಲಾಗಲಿಲ್ಲ, ಅಷ್ಟರಲ್ಲಿ ದಿನಾಂಕ ದಾಟಿತ್ತು.

ಈ ಕ್ರಮದಲ್ಲಿ ಎರಡು ತಿಂಗಳಿಗೊಮ್ಮೆ ಆರ್ಡರ್ ಮಾಡುತ್ತಾ ಬಂದಾಗ, ಒಂದು ಆರ್ಡರಿಗೆ ಸಾಗಣೆಯ ಪಾಲೂ ಸೇರಿ 40 ಪೌಂಡ್ ಖರ್ಚಾದರೆ, ಅದೇ ಸಾಮಾನಿಗೆ ಅವರು ಬೇರೆಡೆ 58 ಪೌಂಡ್ ಕೊಡಬೇಕಾಗುತ್ತಿತ್ತು. ಸಲಕ್ಕೆ 18ರಂತೆ ವರ್ಷಕ್ಕೆ 108 ಪೌಂಡ್ ಉಳಿತಾಯ. ವರ್ಷದ ಒಟ್ಟು ದಿನಸಿ ಖರ್ಚು 5,400 ಪೌಂಡ್ ಆಗಿರುವಾಗ ಇದು ಶೇ. 2. ‘ಇಷ್ಟಕ್ಕೆ ಇಷ್ಟೆಲ್ಲಾ ಲೆಕ್ಕ ಬೇಕಿತ್ತಾ?’ ಎಂದು ಗಂಡ ಕೇಳಿದರಂತೆ. ಪ್ರಶ್ನೆ ನ್ಯಾಯವಾದದ್ದೇ. ಖರ್ಚಿನ ಮೂರರಲ್ಲಿ ಎರಡು ಪಾಲು ನುಂಗುವ ಅಕ್ಕಿ, ಬೇಳೆ, ಹಾಲು, ಮೊಸರು, ತರಕಾರಿಗಳು ಇಂಥ ಅಂಗಡಿಯಲ್ಲಿ ಸಿಗುವುದೇ ಇಲ್ಲ, ಸಿಕ್ಕರೂ ತೊಗರಿಬೇಳೆಯಂಥವು ಅಪರೂಪ. ಉಳಿದ ಪಾಲಿನಲ್ಲೂ ಬ್ರ್ಯಾಂಡನ್ನೇ ಹಿಡಿದು ಕೂತಿರುವ ಪದಾರ್ಥಗಳಲ್ಲಿ ಮಾತ್ರ ಲಾಭ ಕಾಣುತ್ತದೆ. ಅದೇ ವರ್ಷ ಅವರು ಇನ್ನೂ ಕೆಲವು ಸಾಮಾನುಗಳಲ್ಲಿ ಬ್ರ್ಯಾಂಡ್ ಬಿಟ್ಟು ಅಂಗಡಿಯ ಸ್ವಂತ ಹೆಸರಿನದಕ್ಕೆ ಬದಲಾಯಿಸಿಕೊಂಡದ್ದರಿಂದ ತಿಂಗಳಿಗೆ 15 ಪೌಂಡಿನಂತೆ ವರ್ಷಕ್ಕೆ 180 ಪೌಂಡ್ ಉಳಿಯಿತು, ಅದಕ್ಕೆ ಯಾವ ಪೆಟ್ಟಿಗೆಯೂ ಬರಬೇಕಾಗಲಿಲ್ಲ. ಸಂಜೆಯ ಹೊತ್ತಿಗೆ ಸೂಪರ್‌ಮಾರ್ಕೆಟ್‌ಗಳು ಹಳದಿ ಚೀಟಿ ಅಂಟಿಸಿ ಬೆಲೆ ಇಳಿಸುವ ಬ್ರೆಡ್, ಪನೀರುಗಳನ್ನು ದಿನಾಂಕ ಮುಗಿಯುವ ಮೊದಲೇ ಫ್ರೀಜರಿಗೆ ಹಾಕಿಡುವುದರಿಂದಲೂ ಸ್ವಲ್ಪ ಉಳಿಯಿತು. ದಿನಾಂಕ ಸಮೀಪಿಸಿದ ಸರಕಿನ ಆನ್‌ಲೈನ್ ಖರೀದಿಯನ್ನು ನಾನು ದಿನಸಿ ಯೋಜನೆಯ ಆಧಾರಸ್ತಂಭ ಎನ್ನಲಾರೆ. ಕಾಫಿ, ಸೀರಿಯಲ್, ತೆಂಗಿನ ಹಾಲು, ಮಕ್ಕಳ ಬಿಸ್ಕತ್ತು ಈ ನಾಲ್ಕೈದಕ್ಕೆ ಅದು ಒಳ್ಳೆಯ ದಾರಿ, ಅಷ್ಟೆ.

ಅತ್ತೆಯ ಪರೀಕ್ಷೆ

2024ರ ಬೇಸಿಗೆಯಲ್ಲಿ ಅತ್ತೆ ಮೈಸೂರಿನಿಂದ ಬಂದಿದ್ದಾಗ ಸಾಗು ಮಾಡಲು ತೆಂಗಿನ ಹಾಲಿನ ಡಬ್ಬಿ ಕೈಗೆತ್ತಿಕೊಂಡವರು ತಳಭಾಗದ ದಿನಾಂಕ ಓದಿ ಕೆಳಗಿಟ್ಟರು.

‘ತಾರೀಖು ಮುಗಿದಿದ್ದನ್ನ ಮಕ್ಕಳಿಗೆ ಹಾಕ್ತೀಯೇನೇ?’

‘ಅತ್ತೆ, ಅದು ರುಚಿಯ ತಾರೀಖು. ಕೆಡೋ ತಾರೀಖು ಬೇರೆ ಇರುತ್ತೆ ಇಲ್ಲಿ. ಡಬ್ಬಿ ತೆಗೆದು ನೋಡಿ ಬೇಕಾದರೆ.’

ಡಬ್ಬಿ ಉಬ್ಬಿಲ್ಲ, ಅಂಚಿನ ಹೊಲಿಗೆಯಲ್ಲಿ ನೆಗ್ಗಿಲ್ಲ, ತುಕ್ಕಿಲ್ಲ ಎಂದು ಖಾತ್ರಿ ಮಾಡಿಕೊಂಡು ಅವರು ಅದನ್ನು ಸ್ಟೀಲಿನ ಬಟ್ಟಲಿಗೆ ಸುರಿದು, ಮೂಸಿ, ಚಮಚದ ತುದಿಯಿಂದ ನಾಲಿಗೆಗೆ ಸೋಕಿಸಿ ನೋಡಿದ ಮೇಲೆಯೇ ಸಾಗಿಗೆ ಹಾಕಿದರು. ಕೆಲವು ದಿನಗಳ ಬಳಿಕ ಅದೇ ಕಪಾಟಿನ ಗೋಧಿಹಿಟ್ಟಿನ ಪೊಟ್ಟಣವನ್ನು, ದಿನಾಂಕ ದಾಟಿ ಹೆಚ್ಚು ಕಾಲವಾಗಿಲ್ಲದಿದ್ದರೂ, ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ‘ಕಮಟು ಬಂದಿದೆ, ಎಸೀರಿ’ ಎಂದರು. ಎರಡೂ ಸಲ ಅವರ ತೀರ್ಪು ಸರಿಯಾಗಿಯೇ ಇತ್ತು. ಗೋಧಿಯ ಮೊಳಕೆಯ ಭಾಗವೂ ಸೇರಿದ ಪೂರ್ತಿ ಹಿಟ್ಟಿನಲ್ಲಿ ಎಣ್ಣೆಯಂಶ ಇರುವುದರಿಂದ ಅದು ಗಾಳಿ ತಾಗಿ ಬೇಗ ಕಮಟಾಗುತ್ತದೆ. ಬಾದಾಮಿ, ವಾಲ್‌ನಟ್, ಕಡಲೆಕಾಯಿಗಳಿಗೂ ಇದೇ ಗತಿ. ಪಾಸ್ತಾ, ಬಿಳಿ ಅಕ್ಕಿ, ಸಕ್ಕರೆ ದಿನಾಂಕ ದಾಟಿಯೂ ಬಹುಕಾಲ ನಿಲ್ಲುತ್ತವೆ. ಸಂಬಾರ ಪುಡಿಗಳು ಕೆಡುವುದಿಲ್ಲ, ಘಮ ಕಳೆದುಕೊಳ್ಳುತ್ತವೆ. ಟೊಮೆಟೊದಂಥ ಹುಳಿ ಪದಾರ್ಥದ ಡಬ್ಬಿ, ಕಾಳಿನ ಡಬ್ಬಿಗಿಂತ ಬೇಗ ರುಚಿ ಬಿಡುತ್ತದೆ. ಆದಕಾರಣ ಒಂದೇ ಬಗೆಯ ‘ಬೆಸ್ಟ್ ಬಿಫೋರ್’ ಮುದ್ರೆ ಹೊತ್ತ ಎರಡು ಪೊಟ್ಟಣಗಳಿಗೆ ಒಂದೇ ರಿಯಾಯಿತಿ ಸಿಕ್ಕರೂ ಅವುಗಳ ಬೆಲೆ ಒಂದೇ ಅಲ್ಲ.

ಆದರೆ ಅತ್ತೆಯ ಮೂಗು ಎಲ್ಲ ಕಡೆಯೂ ನಡೆಯುವುದಿಲ್ಲ ಎಂಬುದನ್ನು ಸೊಸೆ ಗಟ್ಟಿಯಾಗಿಯೇ ಹೇಳಬೇಕಾಯಿತು. ‘ಯೂಸ್ ಬೈ’ ಮುಗಿದ ಕತ್ತರಿಸಿದ ಸೊಪ್ಪಿನ ಸಲಾಡ್ ಪೊಟ್ಟಣವನ್ನು ‘ಚೆನ್ನಾಗೇ ಇದೆಯಲ್ಲ’ ಎಂದು ಅವರು ತೆರೆಯಹೊರಟಿದ್ದರು. ಲಿಸ್ಟೀರಿಯಾ, ಸಾಲ್ಮೊನೆಲ್ಲಾದಂಥ ಸೂಕ್ಷ್ಮಜೀವಿಗಳು ವಾಸನೆಯನ್ನೂ ಬಣ್ಣವನ್ನೂ ಕೆಡಿಸದೆ ಇರಬಲ್ಲವು. ಇಂಥಲ್ಲಿ ಮೂಸಿ ನೋಡುವುದು ಪರೀಕ್ಷೆಯೇ ಅಲ್ಲವೆಂದು ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿಯೂ ಎಚ್ಚರಿಸುತ್ತದೆ. ರಿಯಾಯಿತಿ ಸರಕಿಗೆ ಒಗ್ಗಿಹೋದ ಮನೆಗಳಲ್ಲಿ ‘ದಿನಾಂಕವೆಲ್ಲಾ ಸುಮ್ಮನೆ’ ಎಂಬ ಸಡಿಲ ಭಾವನೆ ಬೆಳೆಯುವುದನ್ನು ಗಮನಿಸಿದ್ದೇನೆ, ಹಣದ ನಷ್ಟಕ್ಕಿಂತ ಅದೇ ಹೆಚ್ಚು ಅಪಾಯದ್ದು.

ವ್ಯವಹಾರದಲ್ಲಿ ಒಮ್ಮೆ ಮಾತ್ರ ತಕರಾರು ಬಂತು. ಪುಟದಲ್ಲಿ ತೋರಿಸಿದ್ದಕ್ಕಿಂತ ಎರಡು ತಿಂಗಳು ಹಿಂದಿನ ದಿನಾಂಕದ ಕಾಫಿಪುಡಿ ಬಂದಿತ್ತು. 2015ರ ಗ್ರಾಹಕ ಹಕ್ಕುಗಳ ಕಾಯ್ದೆಯ ಪ್ರಕಾರ ಸರಕು ವರ್ಣನೆಗೆ ಹೊಂದಬೇಕು, ಹೊಂದದಿದ್ದರೆ ಮೂವತ್ತು ದಿನಗಳೊಳಗೆ ತಿರಸ್ಕರಿಸಿ ಹಣ ಹಿಂಪಡೆಯಬಹುದು. ಪೊಟ್ಟಣದ ಚಿತ್ರ ಮತ್ತು ಆರ್ಡರಿನ ಪುಟದ ಚಿತ್ರ ಎರಡನ್ನೂ ಕಳುಹಿಸಿದ ಮೇಲೆ ಹಣ ಮರಳಿತು. ಆದರೆ ಪುಟದಲ್ಲಿ ಮೊದಲೇ ತಿಳಿಸಿದ್ದ ದಿನಾಂಕದ ಬಗ್ಗೆಯೇ ಆಮೇಲೆ ದೂರಿದರೆ ಆ ಕಾಯ್ದೆ ನೆರವಿಗೆ ಬಾರದು. ಆನ್‌ಲೈನ್ ಖರೀದಿಗೆ ಇರುವ ಹದಿನಾಲ್ಕು ದಿನಗಳ ರದ್ದತಿಯ ಹಕ್ಕೂ ಬೇಗ ಕೆಡುವ ಅಥವಾ ಬೇಗ ಅವಧಿ ಮುಗಿಯುವ ಸರಕಿಗೆ ಅನ್ವಯಿಸುವುದಿಲ್ಲ. ಹಣ ಕೊಡುವ ಮೊದಲು ಪುಟದ ಚಿತ್ರ ತೆಗೆದಿಡುವುದು ಈಗ ಆ ಮನೆಯ ವಾಡಿಕೆ.

ಮೈಸೂರಿನಲ್ಲಿ ಇದು ನಡೆದೀತೇ

ಮುಂದೆ ಊರಿಗೆ ಮರಳುವ ಆಲೋಚನೆ ಈ ದಂಪತಿಗೆ ಇರುವುದರಿಂದ ಇದೇ ಕ್ರಮ ಮೈಸೂರಿನಲ್ಲಿ ಸಾಧ್ಯವೇ ಎಂಬ ಪ್ರಶ್ನೆ ಬಂತು. ಬ್ರಿಟನ್ನಿನ ರೂಪದಲ್ಲಿ ಸಾಧ್ಯವಿಲ್ಲ. ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ‘ಎಕ್ಸ್‌ಪೈರಿ’ ಅಥವಾ ‘ಯೂಸ್ ಬೈ’ ದಿನಾಂಕ ಕಡ್ಡಾಯ. ‘ಬೆಸ್ಟ್ ಬಿಫೋರ್’ ಬೇಕಿದ್ದರೆ ಹೆಚ್ಚುವರಿಯಾಗಿ ಹಾಕಬಹುದಾದ ಮಾಹಿತಿ ಮಾತ್ರ. ಆ ಕಡ್ಡಾಯ ದಿನಾಂಕ ದಾಟಿದ ಮೇಲೆ ಮಾರುವಂತಿಲ್ಲವಾದ್ದರಿಂದ, ಬ್ರಿಟನ್ನಿನಲ್ಲಿ ದಿನಾಂಕದ ಆಚೆಗೆ ನಡೆಯುವ ವ್ಯಾಪಾರಕ್ಕೆ ಇಲ್ಲಿ ಜಾಗವೇ ಇಲ್ಲ. ದಿನಾಂಕದ ಈಚೆಗೂ ಆನ್‌ಲೈನ್ ವ್ಯಾಪಾರಕ್ಕೆ ಜಾಗ ಕಿರಿದಾಗಿದೆ: ಗ್ರಾಹಕರ ಕೈ ಸೇರುವಾಗ ಆಹಾರ ಪದಾರ್ಥದ ಬಾಳಿಕೆಯಲ್ಲಿ ಕನಿಷ್ಠ ಶೇ. 30 ಅಥವಾ ಅವಧಿ ಮುಗಿಯಲು 45 ದಿನ ಉಳಿದಿರಬೇಕೆಂದು ಪ್ರಾಧಿಕಾರವು 2024ರ ನವೆಂಬರಿನಲ್ಲಿ ಇ-ಕಾಮರ್ಸ್ ಸಂಸ್ಥೆಗಳಿಗೆ ಸೂಚಿಸಿದೆ. ಹಳೆಯ ದಾಸ್ತಾನನ್ನು ಗೊತ್ತಿಲ್ಲದ ಗ್ರಾಹಕರ ತಲೆಗೆ ಕಟ್ಟುವುದನ್ನು ತಡೆಯಲು ಇದು ಬೇಕಾದದ್ದೇ. ತಿಳಿದೂ ಒಪ್ಪಿಯೂ ಅಗ್ಗಕ್ಕೆ ಕೊಳ್ಳಬಯಸುವವರಿಗೆ ಮಾತ್ರ ಬಾಗಿಲು ಸ್ವಲ್ಪ ಮುಚ್ಚಿದಂತಾಗಿದೆ.

ಉಳಿಯುವ ಅವಕಾಶ ಅಂಗಡಿಗೆ ಹೋಗಿ ಕೊಳ್ಳುವವರದು. ದಿನಾಂಕ ಹತ್ತಿರವಾದಾಗ ಬಿಸ್ಕತ್ತು, ಜ್ಯೂಸು, ಚೀಸುಗಳನ್ನು ಒಂದಕ್ಕೆ ಒಂದು ಉಚಿತವೆಂದು ಸೂಪರ್‌ಮಾರ್ಕೆಟ್‌ಗಳು ಇಡುವುದುಂಟು. ಕಪಾಟಿನ ಬಾಗಿಲಿನ ಹಾಳೆ ಅಲ್ಲಿಯೂ ಕೆಲಸಕ್ಕೆ ಬರುತ್ತದೆ. ಪೊಟ್ಟಣ ಸರಕುಗಳ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಫಲವಾಗಿ ಈಗ ಎಂಆರ್‌ಪಿಯ ಪಕ್ಕದಲ್ಲೇ ಗ್ರಾಮಿಗೆ ಅಥವಾ ಮಿಲಿಲೀಟರಿಗೆ ಇಷ್ಟು ಎಂಬ ದರವೂ ಅಚ್ಚಾಗಿರುತ್ತದೆ. ಉಚಿತದ ಪೊಟ್ಟಣವನ್ನೂ ಸೇರಿಸಿ ಆ ದರವನ್ನು ಅರ್ಧ ಮಾಡಿ, ಪಕ್ಕದ ಕಪಾಟಿನ ಅಗ್ಗದ ಬ್ರ್ಯಾಂಡಿನ ದರದೊಂದಿಗೆ ಹೋಲಿಸಲು ಅರ್ಧ ನಿಮಿಷ ಸಾಕು. ಆನ್‌ಲೈನಿನಲ್ಲಿ ತರಿಸಿದ್ದು ಅವಧಿ ಮುಗಿದದ್ದಾಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು, ಅದಕ್ಕೂ ಬಿಲ್ಲು ಮತ್ತು ಪೊಟ್ಟಣದ ದಿನಾಂಕದ ಚಿತ್ರ ಕೈಯಲ್ಲಿರಬೇಕು.